ಸುದ್ದಿಯ ನಡುವೆ ಮಂಡಿನೋವಿನ ಎಣ್ಣೆ

ಮಾವನಿಗೆ ಕಣ್ಣು ಹೋಗಿ ಮೂರು ವರ್ಷವಾಯಿತು. ದಿನಾ ಬೆಳಗ್ಗೆ ನಾನು ಹೊಲಿಗೆ ಮೆಷಿನ್ನಿನ ಮುಂದೆ ಕೂರುವ ಹೊತ್ತಿಗೆ ಅವರು ಫೋನು ಹಿಡಿದು ಕೂರುತ್ತಾರೆ. ಫೋನು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತದೆ, ಅವರು ಕೇಳುತ್ತಾರೆ. ಯಾರ ಹಂಗೂ ಇಲ್ಲದೆ ಅವರು ಮಾಡಿಕೊಳ್ಳುವ ಕೆಲಸ ಅದೊಂದೇ.

ಆದರೆ ಆ ಓದು ನೆಟ್ಟಗೆ ಸಾಗುತ್ತಿರಲಿಲ್ಲ. "ನದಿಗೆ ಹೊಸ ಸೇತುವೆ ಕಟ್ಟಲು... ಮಂಡಿನೋವೇ? ನಮ್ಮ ಎಣ್ಣೆ ಹಚ್ಚಿ... ಸರ್ಕಾರ ಒಪ್ಪಿದೆ" ಎಂದು ಫೋನು ಒದರುತ್ತಿತ್ತು. ಕಣ್ಣಿದ್ದವರು ನಾವು ಜಾಹೀರಾತನ್ನು ದಾಟಿ ಹೋಗುತ್ತೇವೆ. ಮಾವ ಅದನ್ನೂ ಪೂರ್ತಿ ಕೇಳಬೇಕು. ಒಂದು ದಿನ ಯಾವುದೋ ಪುಟದಲ್ಲಿ, "ನಿಮ್ಮ ಫೋನಿಗೆ ವೈರಸ್ ತಗುಲಿದೆ, ಕೂಡಲೇ ಒತ್ತಿ" ಎಂದು ಬಂತು. ಪಾಪ, ಒತ್ತಿಬಿಟ್ಟರು. ಬೇಡದ ಆ್ಯಪುಗಳೆಲ್ಲ ಬಂದು ಒಕ್ಕರಿಸಿದವು.

ರಿಪೇರಿ ಅಂಗಡಿಯವನು ಅದನ್ನೆಲ್ಲ ತೆಗೆದು, ಜಾಹೀರಾತು ತಡೆಯುವ ಆ್ಯಡ್ ಬ್ಲಾಕರ್ ಹಾಕಿಕೊಟ್ಟ. ಮೂರು ದಿನ ಮಾವನಿಗೆ ಸ್ವರ್ಗಕ್ಕೆ ಮೂರೇ ಗೇಣು. ನಾಲ್ಕನೆಯ ದಿನ ಫೋನು ಸುದ್ದಿಯ ಬದಲು ನೋಟಿಸು ಓದಿತು: "ನೀವು ಜಾಹೀರಾತು ತಡೆಯುತ್ತಿದ್ದೀರಿ. ತಡೆ ತೆಗೆದು ಒಳಗೆ ಬನ್ನಿ."

ಮಾವ ಗಾಬರಿಯಾಗಿ ನನ್ನನ್ನು ಕೂಗಿದರು. "ತೆಗೆದುಬಿಡಮ್ಮ ಅದನ್ನ. ನಾನು ಮೂವತ್ತು ವರ್ಷ ಪ್ರೆಸ್ಸಲ್ಲಿ ಅಚ್ಚುಮೊಳೆ ಜೋಡಿಸಿದೋನು. ಜಾಹೀರಾತಿಂದ್ಲೇ ನಮಗೆ ಸಂಬಳ ಆಗ್ತಿತ್ತು. ಉಂಡ ಮನೆಗೆ ಎರಡು ಬಗೀಲಾ? ಕೇಸು ಬೇರೆ ಹಾಕಿಬಿಟ್ರೆ? ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ!"

"ಹಾಗಾದ್ರೆ ಮತ್ತೆ ಎಣ್ಣೆ ಮಾರೋರ ಮಾತು ಕೇಳ್ತೀರಾ ಮಾವ?"

"ಅದೂ ಬೇಡ, ಇದೂ ಬೇಡ. ಓದೋದೇ ಬೇಡ" ಎಂದು ಫೋನನ್ನು ನನ್ನ ಕೈಗೆ ತುರುಕಿದರು.

ಎರಡು ದಿನ ಗೋಡೆಗೆ ಒರಗಿ ಸುಮ್ಮನೆ ಕೂತರು. ಮೂರನೆಯ ದಿನ ಬೀದಿ ಕೊನೆಯ ಗ್ರಂಥಾಲಯದ ಅಕ್ಕನನ್ನು ಮನೆಗೇ ಕರೆತಂದೆ.

ಅಕ್ಕ ಎಲ್ಲ ಕೇಳಿ ನಕ್ಕರು. "ಯಜಮಾನ್ರೇ, ಹೆದರ್ಬೇಡಿ. ಹೊರದೇಶದಲ್ಲಿ ದೊಡ್ಡ ದೊಡ್ಡ ಪತ್ರಿಕೆ ಕಂಪನಿಗಳು ಕೇಸು ಹಾಕಿದ್ದು ಬ್ಲಾಕರ್ ಮಾಡಿದೋರ ಮೇಲೆ, ಓದೋರ ಮೇಲಲ್ಲ. ವರ್ಷಗಟ್ಟಲೆ ವಾದ ನಡೀತು. ಏನು ನೋಡ್ಬೇಕು ಅನ್ನೋದು ನೋಡೋರಿಗೆ ಬಿಟ್ಟಿದ್ದು, ತಡೆದ್ರೆ ತಪ್ಪಿಲ್ಲ ಅಂತ ಕೋರ್ಟೇ ಹೇಳಿದ್ದೂ ಇದೆ."

"ಅಲ್ಲಿಗೆ ಮುಗೀತಾ?" ಮಾವ ಕೇಳಿದರು.

"ಎಲ್ಲಿ ಮುಗೀತು! ಇನ್ನೂ ಎಳೆದಾಡ್ತಿದಾರೆ. ಕಾನೂನು ಎಲ್ಲಾ ಕಡೆ ಒಂದೇ ಥರಾನೂ ಇಲ್ಲ. ಆದ್ರೆ ನಿಮಗೆ ಬಂದಿದ್ದು ಕೋರ್ಟ್ ನೋಟಿಸಲ್ಲ, ಪತ್ರಿಕೆಯೋರ ಕೋರಿಕೆ. ಜಾಹೀರಾತು ಬೇಡ ಅನ್ನೋದು ನಿಮಗೆ ಬಿಟ್ಟಿದ್ದು, ಬಾಗಿಲು ಹಾಕೋದು ಅವ್ರಿಗೆ ಬಿಟ್ಟಿದ್ದು."

"ಮತ್ತೆ ಆ ಪ್ರೆಸ್ಸಿನೋರ ಹೊಟ್ಟೆಪಾಡು?" ಮಾವನಿಗೆ ಅದೇ ಕೊರಗು.

"ನಂಬಿಕೆ ಇರೋ ಪತ್ರಿಕೆಗೆ ಮಾತ್ರ ತಡೆ ತೆಗೀಬಹುದು. ಇಲ್ಲಾ, ನಿಮ್ಮ ಪತ್ರಿಕೆಗೆ ಚಂದಾದಾರರಾಗಿ. ಜಾಹೀರಾತಿಲ್ಲದ ಪುಟಾನೇ ಕೊಡ್ತಾರೆ."

ಮಾವನ ಮುಖ ಅರಳಿತು. "ಚಂದಾ ಕಟ್ಟಮ್ಮ. ಮಿಕ್ಕ ಕಡೆ ಬ್ಲಾಕರ್ ಇರ್ಲಿ."

ಅಕ್ಕ ಹೊರಡುವಾಗ ನನಗೂ ಒಂದು ಮಾತು ಹೇಳಿದರು. "ಬ್ಲಾಕರ್‌ನಲ್ಲೂ ನಕಲಿ ಇರ್ತವೆ. ಯಾರೋ ಕಳಿಸಿದ ಲಿಂಕ್ ಒತ್ತಿ ಹಾಕ್ಕೋಬೇಡ."

ಮರುದಿನ ಮಾವ ತಮ್ಮ ಪತ್ರಿಕೆಯ ಸಂಪಾದಕೀಯವನ್ನೂ ಮಿಕ್ಕ ಕಡೆಯ ಸುದ್ದಿಯನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿದರು. ನಡುವೆ ಒಂದು ಸೊಲ್ಲೂ ಅಡ್ಡ ಬರಲಿಲ್ಲ. ಮುಗಿದ ಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು, "ಬ್ಲಾಕರ್ ಮಾಡಿದೋರು ಎಲ್ಲೋ ಕೋರ್ಟಿಗೆ ಅಲೆದ್ರು, ನಾನಿಲ್ಲಿ ನೆಮ್ಮದಿಯಾಗಿ ಪೇಪರು ಓದಿದೆ. ಅವ್ರ ಹೊಟ್ಟೆ ತಣ್ಣಗಿರ್ಲಿ" ಎಂದರು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಫೋನಿನಲ್ಲಿ ಏನು ಬರಬೇಕು ಎಂದು ತೀರ್ಮಾನಿಸುವ ಹಕ್ಕು ನಿಮ್ಮದು. ನೋಟಿಸು ಕಂಡ ಕೂಡಲೇ ಹೆದರಬೇಡಿ, ತಿಳಿದವರನ್ನು ಕೇಳಿ. ನಿಮಗಾಗಿ ಸುದ್ದಿ ಬರೆಯುವವರನ್ನೂ ಮರೆಯಬೇಡಿ. ನಿಮ್ಮ ಮನೆಯಲ್ಲಿ ಓದುವುದನ್ನೇ ಬಿಟ್ಟು ಸುಮ್ಮನೆ ಕೂತ ಹಿರಿಯರಿದ್ದರೆ, ಇವತ್ತೇ ಅವರ ಪಕ್ಕ ಕೂತು ಕಾರಣ ಕೇಳಿ.