ಬಾನೆಟ್ ಮೇಲಿನ ಏಟು

"ಪಂಥಗಿಂಥ ಏನೂ ಬೇಡ. ಶ್ರೀಪ್ರಿಯಾ ಏಳು ತಿಂಗಳ ಬಸುರಿ" ಎಂದು ಜಯಲತಾ ಮುಂಬೈ ಪಕ್ಕದ ಡೊಂಬಿವಲಿಯ ಮನೆ ಬಿಡುವಾಗಲೇ ಮಗನಿಗೆ ಹೇಳಿದ್ದರು. ಬೇಲಾಪುರದಲ್ಲಿ ನೆಂಟರ ಮಗುವಿನ ನಾಮಕರಣ. ಅಕ್ಷಿತ್ ತಲೆಯಾಡಿಸಿದ. ಆದರೂ ತಾಯಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹತ್ತಿರದ ದಾರಿ ಬಿಟ್ಟು ಪಾಮ್ ಬೀಚ್ ರಸ್ತೆಗೇ ಹೋದ. ಅಲ್ಲಿ ಅವನ ಸೋದರಮಾವ ಲತೀಶ್ ತನ್ನ ಬಿಳಿ ಎಸ್‌ಯುವಿಯಲ್ಲಿ ಕಾಯುತ್ತಿದ್ದ.

ಇಬ್ಬರದೂ ಹೋಟೆಲ್ ವ್ಯಾಪಾರ, ಇಬ್ಬರೂ ಒಂದೇ ದೀಪಾವಳಿಗೆ ದುಬಾರಿ ಗಾಡಿ ಕೊಂಡಿದ್ದರು. ಮಾವನದು ಡೀಸೆಲ್, ಅಳಿಯನದು ಪೆಟ್ರೋಲ್. ಯಾವುದರ ಪಿಕಪ್ ಹೆಚ್ಚು, ತಿರುವಿನಲ್ಲಿ ಯಾವುದು ವಾಲುವುದಿಲ್ಲ ಎಂಬ ವಾದ ಅಂದಿನಿಂದಲೂ ಮುಗಿದಿರಲಿಲ್ಲ.

ಸಿಗ್ನಲ್ ಹಸಿರಾದದ್ದೇ ತಡ, ಬಿಳಿ ಗಾಡಿ ಚಿಮ್ಮಿತು. ಫೋನಿನ ಸ್ಪೀಕರಿನಲ್ಲಿ ಲತೀಶನ ನಗು ಕೇಳಿಸಿತು. "ಎಲ್ಲುಂಟು ಮಾರಾಯ ನಿನ್ನ ಪಿಕಪ್?"

"ತಿರುವಿನಲ್ಲಿ ನೋಡು ಮಾಮ!" ಅಕ್ಷಿತ್ ಆಕ್ಸಿಲರೇಟರ್ ಒತ್ತಿದ.

"ಅಕ್ಷಿತ್, ನಿಧಾನ!" ಜಯಲತಾ ಕೂಗಿದರು.

"ಟೆನ್ಷನ್ ಮತ್ ಲೇ ಅಮ್ಮ, ಹ್ಯಾಂಡ್ಲಿಂಗ್ ನೋಡು."

ತಿರುವು ದಾಟುತ್ತಲೇ ಎದುರಿಗೆ ಡಿವೈಡರ್ ಪಕ್ಕ ಕಸ ಗುಡಿಸುತ್ತಿದ್ದ ಹೆಂಗಸು ಕಂಡಳು. ಅಕ್ಷಿತ್ ಸ್ಟಿಯರಿಂಗ್ ಎಳೆದ. ಅವಳು ಹಿಂದಕ್ಕೆ ಹಾರಿ ಡಿವೈಡರ್ ಮೇಲೆ ಬಿದ್ದಳು. ಗಾಡಿ ಕಿರುಗುಟ್ಟಿ ನಿಂತಿತು. ಶ್ರೀಪ್ರಿಯಾ ಹೊಟ್ಟೆ ಹಿಡಿದುಕೊಂಡು ಬಿಕ್ಕಿದಳು.

"ನೋಡಿದೆಯಾ ಮಾಮ?" ಅಕ್ಷಿತ್ ಫೋನಿಗೆ ಹೇಳುತ್ತಿದ್ದ. "ಇಷ್ಟು ಎಳೆದರೂ ವಾಲಲೇ ಇಲ್ಲ!"

ಜಯಲತಾಗೆ ಮೈಯೆಲ್ಲ ಉರಿಯಿತು. ಬಾಗಿಲು ತೆರೆದು ಇಳಿದರು. ಅಷ್ಟರಲ್ಲಿ ಆ ಹೆಂಗಸು ಎದ್ದು, ಮೊಣಕೈ ತರಚಿದ್ದರೂ ಪೊರಕೆಯ ಕೋಲು ಎತ್ತಿ ಬಾನೆಟ್ ಮೇಲೆ ಬೀಸಿದ್ದಳು. ಕಪ್ಪು ಬಣ್ಣದ ಮೇಲೆ ಬಿಳಿ ಗೀರು ಮೂಡಿತು.

"ಕಣ್ ಕಾಣಂಗಿಲ್ಲೇನ್ಲೇ ನಿಂಗ? ನನ್ನ ಜೀವಾ ಅಂದ್ರ ನಿನಗ ಆಟ ಆಗೇತೇನು?"

"ಏಯ್! ಗಾಡಿ ಎಷ್ಟರದ್ದು ಗೊತ್ತುಂಟಾ?" ಅಕ್ಷಿತ್ ಇಳಿದು ಮುನ್ನುಗ್ಗಿದ. ಜಯಲತಾ ಅಡ್ಡ ನಿಂತರು.

"ಇನ್ನೊಂದು ಹೊಡಿ ಅಕ್ಕ" ಎಂದರು. "ನಾನು ನೋಡ್ತೇನೆ, ಯಾರು ತಡೀತಾರೆ ಅಂತ."

ಸಿಟ್ಟಿನಲ್ಲಿ ತನ್ನ ಮಾತಲ್ಲೇ ಬೈದಿದ್ದ ಹೆಂಗಸು, ಮುಂಬೈಯ ಕಾರಿನವರ ಬಾಯಲ್ಲೂ ಕನ್ನಡ ಕೇಳಿ ಒಂದು ಕ್ಷಣ ಬೆರಗಾದಳು. ಮತ್ತೆ ಎರಡೂ ಕೈಯಲ್ಲಿ ಕೋಲು ಹಿಡಿದು ಹೊಡೆದಳು.

ಮುಂದೆ ಗಾಡಿ ನಿಲ್ಲಿಸಿದ್ದ ಲತೀಶ್ ಓಡಿ ಬಂದು ಜಯಲತಾರನ್ನು ಗದರಿದ. "ಅಕ್ಕ, ನಿನಗೆ ತಲೆ ಸರಿ ಉಂಟಾ? ಪೊಲೀಸರಿಗೆ ಫೋನ್ ಮಾಡ್ತೇನೆ."

"ಮಾಡು. ನೀವಿಬ್ಬರೂ ಹೇಗೆ ಓಡಿಸಿದಿರಿ ಅಂತ ನಾನೇ ಸಾಕ್ಷಿ ಹೇಳ್ತೇನೆ."

ಲತೀಶ್ ಫೋನನ್ನು ಜೇಬಿಗೆ ಇಳಿಸಿದ. ಅಕ್ಷಿತ್ ಗೀರನ್ನು ಬೆರಳಿನಿಂದ ಸವರುತ್ತ ನಿಂತ. ಬಿದ್ದವಳಿಗೆ ಏನಾಯಿತೆಂದು ಇಬ್ಬರೂ ಕೇಳಲಿಲ್ಲ.

ಶ್ರೀಪ್ರಿಯಾ ತಾನಾಗಿಯೇ ಇಳಿದು ಬಂದು, ತನ್ನ ನೀರಿನ ಬಾಟಲಿಯಿಂದ ಹೆಂಗಸಿನ ಮೊಣಕೈ ತೊಳೆದಳು. ಕೇಳಿದಾಗ ಆ ಹೆಂಗಸು ತನ್ನ ಹೆಸರು ಚಂದವ್ವ, ಊರು ಕಲಬುರಗಿ ಕಡೆ ಎಂದಳು. ಜಯಲತಾ ರಿಕ್ಷಾ ನಿಲ್ಲಿಸಿ ಅವಳನ್ನು ಕೂರಿಸಿದರು, ಸೊಸೆಯನ್ನೂ ಕರೆದರು.

"ಅಮ್ಮ, ನಾಮಕರಣ?" ಅಕ್ಷಿತ್ ಕೇಳಿದ.

"ಮೊದಲು ಡಾಕ್ಟರು, ಇವರಿಬ್ಬರಿಗೂ. ನಾಮಕರಣಕ್ಕೆ ನೀನು ಹೋಗು. ತಾಯಿ, ಹೆಂಡತಿ ಯಾಕೆ ಬರಲಿಲ್ಲ ಅಂತ ಎಲ್ಲರ ಎದುರೇ ಹೇಳು."

ರಿಕ್ಷಾ ಹೊರಟಿತು. ಚಂದವ್ವ ಕೋಲನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದಳು. ಅದರ ಇನ್ನೊಂದು ತುದಿಯನ್ನು ಜಯಲತಾ ಹಿಡಿದುಕೊಂಡರು. ಅವರ ಸಿಟ್ಟೂ ಇಳಿದಿರಲಿಲ್ಲ.