ವಿಭೂತಿ ಬಳಿದ ಬೀಗ

ನಂಬುವವರು ನಂಬಲಿ, ನಂಬದವರು ಮಂಡಕ್ಕಿ ತಿನ್ನಲು ಹೋಗಲಿ, ಇದು ನಡೆದ ಕಥೆಯೇ. ಕನ್ನಡಕ್ಕೇ ಕನ್ನಡ ಅರ್ಥವಾಗದಿದ್ದ ಕಾಲ ಅದು. ತೊಂಬತ್ತೆಂಟರ ಸುಮಾರಿಗೆ ಒಂದೊಂದು ಕಂಪನಿಯ ಸಾಫ್ಟ್‌ವೇರಿಗೂ ಒಂದೊಂದು ಥರದ ಕನ್ನಡ. ದಾವಣಗೆರೆಯಲ್ಲಿ ಟೈಪ್ ಮಾಡಿದ 'ಸುಸ್ವಾಗತ' ಹರಿಹರದ ಕಂಪ್ಯೂಟರಿನಲ್ಲಿ ಬಾಣ, ಬೊಟ್ಟು, ಪ್ರಶ್ನೆಚಿಹ್ನೆಗಳಾಗಿ ಏಳುತ್ತಿತ್ತು.

ದಾವಣಗೆರೆಯ ಪಿ.ಜೆ. ಬಡಾವಣೆಯ ಮಹಡಿಯೊಂದರಲ್ಲಿ ರುದ್ರಮುನಿಯವರ ಡಿಟಿಪಿ ಸೆಂಟರ್. ಬಕ್ಕೇಶ್ ಅಲ್ಲಿ ಆಪರೇಟರ್. ಬಿ.ಎ. ತರಗತಿಯಲ್ಲಿ ಅವನು ಪಾಠಕ್ಕಿಂತ ಮೇಷ್ಟ್ರುಗಳ ದನಿ ಅಣಕಿಸಲು ಕಲಿತದ್ದೇ ಹೆಚ್ಚು. ಕನ್ನಡ ಸಾಫ್ಟ್‌ವೇರ್ ಓಡಬೇಕಾದರೆ ಕಂಪ್ಯೂಟರಿನ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಪಿನ್ನಿನ ಡಬ್ಬಿ, ಕಂಪನಿಯವರ ಬಾಯಲ್ಲಿ 'ಬೀಗ', ಸಿಕ್ಕಿಸಬೇಕಿತ್ತು. ಅದು ಕಳೆದರೆ ಅಂಗಡಿ ಮುಚ್ಚಿದಂತೆಯೇ ಎಂದು ರುದ್ರಮುನಿ ದಿನಾ ಸಂಜೆ ಅದನ್ನು ಕಿತ್ತು, ಕರವಸ್ತ್ರದಲ್ಲಿ ಸುತ್ತಿ, ಮನೆಗೊಯ್ದು ದೇವರ ಜಗುಲಿಯ ಮೇಲಿಡುತ್ತಿದ್ದರು. ಆ ವರ್ಷ ಆಯುಧಪೂಜೆಗೆ ಬೀಗಕ್ಕೂ ವಿಭೂತಿ ಬಳಿದರು. ಧಾರಾಳವಾಗಿಯೇ ಬಳಿದರು.

ಹಬ್ಬ ಮುಗಿಸಿ ಅಂಗಡಿ ತೆರೆದರೆ ಪರದೆಯ ಮೇಲೆ ಒಂದೇ ಹಠ: ಬೀಗ ಸಿಕ್ಕಿಲ್ಲ.

ಎದುರಿಗೆ ಹರಿಹರದ ಕರೀಂ ಸಾಬ್ ಕೂತಿದ್ದರು. ಮಗಳು ಅಂಜುಮಳ ಮದುವೆ ಕಾರ್ಡು. ಹರಿಹರದ ಪ್ರೆಸ್ಸಿಗೆ ಫ್ಲಾಪಿ ಕೊಟ್ಟಾಗ ವರನ ಹೆಸರೇ ಬಾಣಬಿರುಸಾಗಿ ಬಂದಿತ್ತು. ಹಾಗಾಗಿ ಇಲ್ಲೇ ಬಟರ್ ಪೇಪರಿನ ಮೇಲೆ ಅಚ್ಚಿಗೆ ಬೇಕಾದ ಪ್ರಿಂಟ್ ತೆಗೆದು ಒಯ್ಯಬೇಕು. ಪ್ರೆಸ್ಸಿನವರು ಕಾಯುವುದು ಸಂಜೆಯವರೆಗೆ ಮಾತ್ರ, ನಾಳೆಯಿಂದ ಅವರಿಗೆ ಕ್ಯಾಲೆಂಡರ್ ಕೆಲಸ.

"ಉರ್ದು ಕೈಲೆ ಬರ್ಸಿ ಆಗೋತು ರುದ್ರಮುನಿಯವ್ರೆ, ನಿಮ್ ಕನ್ನಡನೇ ಕಾಯಿಸ್ತಾ ಐತೆ. ಬೀಗರಿಗೆ ಏನಂತ ಹೇಳ್ಲಿ?"

"ಸಾರ್, ವಿಭೂತಿ ಪಿನ್ನಿನ ಸಂದಿಗೆ ಹೋಗೈತೇನೋ..." ಎಂದ ಬಕ್ಕೇಶ್.

"ಹುಚ್ಚಪ್ಪ! ವಿಭೂತಿಯಿಂದ ಯಾರಿಗಾದ್ರೂ ಕೆಡುಕಾಗೈತಾ? ಮುಟ್ಟಬ್ಯಾಡ ಅದನ್ನ. ಬೆಂಗಳೂರಿಗೆ ಹೇಳೀನಿ, ಕಂಪನಿಯೋರು ಫೋನ್ ಮಾಡ್ತಾರೆ."

ಮಧ್ಯಾಹ್ನವಾದರೂ ಫೋನ್ ಬರಲಿಲ್ಲ. ಕರೀಂ ಸಾಬರ ಮುಖ ನೋಡಲಾಗದೆ ಬಕ್ಕೇಶ್ ಟೀ ಹೇಳುವ ನೆಪದಲ್ಲಿ ಇಳಿದು, ರಸ್ತೆಯಾಚೆಯ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಎಳೆದುಕೊಂಡ. ಆ ಬೂತು ಈಗಿಲ್ಲ. ಅದರ ಫ್ಯಾನಿನ ಬಿಸಿ ಗಾಳಿ, ರಿಸೀವರಿನ ಅಗರಬತ್ತಿ ವಾಸನೆ ಅವನಿಗೆ ಈಗಲೂ ನೆನಪಿದೆ. ಅಂಗಡಿಯ ನಂಬರ್ ಒತ್ತಿ ಮೂಗು ಹಿಡಿದುಕೊಂಡದ್ದೇ ತಡ, ಅವನು ಬೆಂಗಳೂರಿನ ಎಂಜಿನಿಯರ್ ಆಗಿಬಿಟ್ಟ.

"ನಮಸ್ಕಾರ, ಕಂಪನಿಯಿಂದ ಮಾತಾಡ್ತಿರೋದು. ಬೀಗ ಕೈಯಲ್ಲಿದೆಯಾ?"

"ಐತೆ ಸಾರ್," ಎಂದರು ರುದ್ರಮುನಿ.

"ಚಪ್ಪಲಿ ಬಿಡಿ."

"ಬಿಟ್ಟೆ ಸಾರ್."

"ಪೂರ್ವಕ್ಕೆ ತಿರುಗಿ. ಪಿನ್ನುಗಳನ್ನ ಬಾಯಿ ಹತ್ರ ತಗೊಂಡು ಊದಿ. ಇನ್ನೂ ಜೋರಾಗಿ! ಶಂಖ ಊದ್ತೀರಲ್ಲ, ಹಾಗೆ!"

ಫೂ ಎಂಬ ಸದ್ದು ಕೇಳಿತು. ಹಿಂದೆಯೇ ಸೀನಿನ ಮೇಲೆ ಸೀನು.

"ಈಗ ಸಿಕ್ಕಿಸಿ ನೋಡಿ."

ಬಕ್ಕೇಶ್ ರಿಸೀವರನ್ನು ಕಿವಿಗೆ ಒತ್ತಿಕೊಂಡ. ಇದೂ ಆಗದಿದ್ದರೆ ಕರೀಂ ಸಾಬ್ ಬರಿಗೈಲಿ ಹರಿಹರದ ಬಸ್ಸು ಹತ್ತಬೇಕು. ಅಷ್ಟರಲ್ಲಿ ರಿಸೀವರಿನೊಳಗೆ ಕರೀಂ ಸಾಬರದೇ ಕೂಗು: "ಬಂತು, ಬಂತು! ನಮ್ ಅಂಜುಮ್ ಹೆಸ್ರು ಬಂತು ನೋಡ್ರಿ!" ಪ್ರಿಂಟರು ಗುರುಗುಟ್ಟಿತು.

"ಬಾಳ ಉಪಕಾರ ಆತು ಸಾರ್," ಎಂದರು ರುದ್ರಮುನಿ, ವಿಪರೀತ ವಿನಯದಿಂದ. "ಇನ್ನೊಂದು ಕೇಳ್ಲಾ? ನಮ್ಮಲ್ಲಿ ಬಕ್ಕೇಶ ಅಂತ ಒಬ್ಬ ಅದಾನೆ. ಟೀ ಹೇಳಾಕೆ ಹೋದೋನು ಪತ್ತೇನೇ ಇಲ್ಲ. ಕೆಲಸದಿಂದ ತೆಗೀಲಾ ಹೆಂಗೆ?"

"ಬೇಡ, ಬೇಡ!" ಗಾಬರಿಗೆ ಮೂಗಿನ ಮೇಲಿನ ಕೈ ಜಾರಿತು. "ಅಂಥ ಹುಡುಗ ಸಿಗಲ್ಲ ಸಾರ್, ಚಿನ್ನದಂಥವನು!"

"ಹೌದೇನ್ರಿ? ಆ ಮಾತ್ನ ಸ್ವಲ್ಪ ಇತ್ಲಾಗೆ ತಿರುಗಿ ಹೇಳ್ರಿ ಸಾರ್."

ಅಂಗಡಿಯ ಕಿಟಕಿ ಇದ್ದದ್ದೇ ಪೂರ್ವಕ್ಕೆ, ಬೂತಿಗೆ ಎದುರಾಗಿ. ಬಕ್ಕೇಶ್ ಮೆಲ್ಲಗೆ ತಿರುಗಿದ. ಮಹಡಿಯ ಕಿಟಕಿಯಲ್ಲಿ ಫೋನ್ ಹಿಡಿದು ನಿಂತ ರುದ್ರಮುನಿಯವರ ಮೀಸೆ, ಹುಬ್ಬು, ಮೂಗು ಎಲ್ಲಾ ವಿಭೂತಿಮಯ. ಪಕ್ಕದಲ್ಲಿ ಕರೀಂ ಸಾಬ್ ಬಟರ್ ಪೇಪರ್ ಎದೆಗವಚಿಕೊಂಡು ಕಿಸಕ್ಕನೆ ನಗುತ್ತಿದ್ದರು. ಬಕ್ಕೇಶನಿಗೂ ನಗು ಉಕ್ಕಿತು. ಆದರೆ ಆಟೋಗಳ ಹಾರನ್ನನ್ನೂ ಮೀರಿ, ಗಾಜು ತೂರಿ, ಫೋನಿನ ಹಂಗಿಲ್ಲದೆ ರಸ್ತೆ ದಾಟಿ ಬಂದದ್ದು ರುದ್ರಮುನಿಯವರ ನಗು.