ಒಂದು ವರ್ಷದೊಳಗಿನವರು

ಹಳಿಯಾಳದ ಆ ಸಾಲದ ಕಂಪನಿಯಲ್ಲಿ ಮಾಯಾಳ ಕಂಪ್ಯೂಟರು ಬುದ್ಧಿವಂತವಾಗಿತ್ತು. ಪಕ್ಕದಲ್ಲಿ ಕುಳಿತ ನಾಗಲಿಂಗಪ್ಪ ಸಾಹೇಬರು ಅದಕ್ಕೇ ಬುದ್ಧಿ ಹೇಳುವವರು. ಸಾಲ ಕೇಳಿದವರಿಗೆ ಅಂಕ ಹಾಕುವ ಹೊಸ ಪಟ್ಟಿ ಸಂಜೆಯೊಳಗೆ ಹುಬ್ಬಳ್ಳಿಯ ಮುಖ್ಯ ಕಚೇರಿಗೆ ಹೋಗಬೇಕಿತ್ತು. ಹಳೆಯ ಕಂತುಗಳನ್ನೆಲ್ಲ ನೋಡಿ ಕಂಪ್ಯೂಟರು ತಾನೇ ಗುಂಪು ಮಾಡಿತ್ತು: ಈಗಿರುವ ಮನೆಗೆ ಬಂದು ವರ್ಷ ತುಂಬದವರೇ ಎಲ್ಲರಿಗಿಂತ ಚೊಕ್ಕವಾಗಿ ತೀರಿಸಿದ್ದಾರೆ, ಅವರಿಗೇ ಹೆಚ್ಚು ಅಂಕ.

“ಇದಕ್ಕ ತಲಿ ಇಲ್ಲ. ವರ್ಷ ಹೆಚ್ಚಾದಂಗ ಅಂಕ ಹೆಚ್ಚಾಗಬೇಕು. ಗುಂಪು ನಾನ ಕಟ್ತೇನಿ,” ಎಂದ ಸಾಹೇಬರು ಆ ಗುಂಪನ್ನು ‘ವಿಳಾಸ ಇಲ್ಲದವರ’ ಜೊತೆ ಸೇರಿಸಿ ಸೊನ್ನೆ ಹಾಕಿದರು.

ಹೊರಗೆ ಬೆಂಚಿನ ಮೇಲೆ ಮಾಯಾಳ ದೊಡ್ಡವ್ವ ಗೋಮಿಬಾಯಿ ಕಾದಿದ್ದಳು. ಮುಂಡಗೋಡ ಕಡೆಯ ತಾಂಡಾದವಳು. ಹಿಟ್ಟಿನ ಗಿರಣಿಗೆ ಸಾಲ ಸಿಕ್ಕರೆ ಗೋವಾಕ್ಕೆ ಮಣ್ಣು ಹೊರಲು ಹೋಗುವುದು ತಪ್ಪುತ್ತಿತ್ತು. ಆ ಸೊನ್ನೆಗೆ ಅವಳ ಅರ್ಜಿ ಬಿತ್ತು.

“ಸರ್, ‘ಮನ್ಯಾಗ ಎಷ್ಟು ದಿನದಿಂದ ಅದೀರಿ’ ಅಂದ್ರ ತಾಂಡಾದವ್ರು ಗೋವಾದಿಂದ ಹೊಳ್ಳಿ ಬಂದ ದಿನಾ ಹೇಳ್ತಾರ್ರಿ. ದೊಡ್ಡವ್ವ ಮೂವತ್ತು ವರ್ಷದಿಂದ ಅದ ಮನ್ಯಾಗ ಅದಾಳ. ‘ದೀಪಾವಳಿಯಿಂದ’ ಅಂದ್ಲು, ನಮ್ಮ ಆಫೀಸಿನವ್ರು ಹಂಗ ಬರಕೊಂಡ್ರು,” ಎಂದಳು ಮಾಯಾ.

“ಬರದದ್ದು ಬರದದ್ದ. ತಿದ್ದಂಗಿಲ್ಲ. ಹೋಗಿ ಬಂದು ಮಾಡವ್ರ ಮ್ಯಾಲ ಎಂಥಾ ನಂಬಿಕಿ?”

ಮಾಯಾ ಹೊಸ ಅರ್ಜಿ ತೆರೆದು ಸಾಹೇಬರದೇ ವಿವರ ತುಂಬಿದಳು: ಬಾಡಿಗೆ ಮನೆ, ಮೂರು ತಿಂಗಳು. ಪರದೆ ‘ಅನರ್ಹ’ ಎಂದಿತು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಅಕ್ಷರ ಬದಲಾಗಲಿಲ್ಲ.

“ನಾ ವರ್ಗಾ ಆಗಿ ಬಂದಾಂವ. ಅದು ಬ್ಯಾರೆ. ನಮ್ಮಂಥವ್ರಿಗೆ ಇನ್ನೊಂದು ಗುಂಪು ಮಾಡು.”

“ಮಾಡೂಣ್ರಿ. ಕೈಯಿಂದ ಗುಂಪು ಕಟ್ಟಿದ್ರ ಕಾರಣ ಬರೀಬೇಕಲ್ರಿ, ಕೆಳಗ ಖಾನೆ ಐತಿ.”

ಅವರ ಮಾತನ್ನೇ ಬರೆದಳು: ‘ದುಡಿಯಲು ಹೋಗಿ ಬಂದವರನ್ನು ನಂಬಲಾಗದು. ವರ್ಗವಾಗಿ ಬಂದವರನ್ನು ನಂಬಬಹುದು. ಹೇಳಿದವರು: ನಾಗಲಿಂಗಪ್ಪ.’ ಬೆರಳನ್ನು ಗುಂಡಿಯ ಮೇಲಿಟ್ಟಳು. “ಹುಬ್ಬಳ್ಳಿಗೆ ಕಳಸ್ಲೇನ್ರಿ?”

ಸಾಹೇಬರು ಕೀಲಿಮಣೆಯನ್ನೇ ತಮ್ಮ ಕಡೆ ಎಳೆದುಕೊಂಡರು. “ಬ್ಯಾಡ. ಕಂಪ್ಯೂಟರ್ ಮಾಡಿದ್ದ ಇರ್ಲಿ. ಅದಕ್ಕರೆ ನನ್ನ ಹೆಸರಿರೂದಿಲ್ಲ.”

ಮಾಯಾ ಹೊರಗೆ ಬಂದಳು. “ನೀನೂ ಪಾಸು, ಸಾಹೇಬ್ರೂ ಪಾಸು, ದೊಡ್ಡವ್ವ. ಇಬ್ಬರೂ ಒಂದ ಗುಂಪಿನ್ಯಾಗ ಅದೀರಿ.”

ಗೋಮಿಬಾಯಿ ಬಾಗಿಲ ಕಡೆ ನೋಡಿದಳು. “ಪಾಪ, ಅವ್ರೂ ಗೋವಾಕ್ಕ ಹೊಂಟಿದ್ರೇನ?”